ತನ್ನ ಕಾಲ ಮೇಲೆ ನಿಂತ ಸಭೆ

ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ತಹಸೀಲ್ದಾರರನ್ನು ಕಾಣಬೇಕೇ? ಹೊನ್ನಾಳಿ ಬಸ್ಸು ಹತ್ತಬೇಕಿತ್ತು. 2017ರ ರಾಜ್ಯ ಬಜೆಟ್ಟಿನಲ್ಲಿ ನ್ಯಾಮತಿಯನ್ನು ಹೊಸ ತಾಲ್ಲೂಕು ಎಂದು ಸಾರಿದರು. ಆದರೆ ಅದು ದಾವಣಗೆರೆ ಜಿಲ್ಲೆಯನ್ನು ಬಿಟ್ಟು ಹೋಗಲಿಲ್ಲ. ಹೊನ್ನಾಳಿ, ಚನ್ನಗಿರಿ, ಜಗಳೂರುಗಳ ಜೊತೆಗೇ ಉಳಿಯಿತು. ಒಲೆ ಬೇರೆಯಾಯಿತು, ಮನೆತನ ಒಂದೇ ಉಳಿಯಿತು.

ಕ್ರೈಸ್ತರ ಸಭೆಗಳಲ್ಲೂ ಹೀಗೆ ಆಗುವುದುಂಟು. ಸಭೆ ಎಂದರೆ ಬರೀ ಚರ್ಚಿನ ಕಟ್ಟಡ ಅಲ್ಲ. ಅಲ್ಲಿ ಕೂಡುವ ಜನ. ಆ ಜನ ತಮ್ಮ ಕಾಲ ಮೇಲೆ ನಿಂತದ್ದು ಹೇಗೆ? ತಿಳಿಯೋಣ ಬನ್ನಿ.

ಕಂಪನಿ ಕಟ್ಟಿಸಿದ ಚರ್ಚು

ಇಂಗ್ಲೆಂಡ್ ದೇಶದ ಸಭೆಗೆ ಆಂಗ್ಲಿಕನ್ ಸಭೆ ಎಂದು ಹೆಸರು. ಈಸ್ಟ್ ಇಂಡಿಯಾ ಕಂಪನಿಯ ಜೊತೆಗೆ ಅದು ನಮ್ಮ ನಾಡಿಗೆ ಬಂತು. ಬೆಂಗಳೂರಿನ ದಂಡಿನಲ್ಲಿ 1808ರಲ್ಲಿ ಸೇಂಟ್ ಮಾರ್ಕ್ಸ್ ಚರ್ಚಿನ ಕೆಲಸ ಶುರುವಾಯಿತು. 1816ರಲ್ಲಿ ಅದರ ಪ್ರತಿಷ್ಠೆ ಆಯಿತು. ಅದು ಕಂಪನಿಯ ಸೈನ್ಯದವರಿಗಾಗಿ ಕಟ್ಟಿದ ಚರ್ಚು. ಅಂಥ ಚರ್ಚುಗಳ ಗುರುಗಳಿಗೆ ಸಂಬಳ ಸರ್ಕಾರದ ಖಜಾನೆಯಿಂದಲೇ. ಹಣ ಕೊಟ್ಟವರದೇ ಮಾತು ನಡೆಯಿತು. ಊರಿನ ಜನ ಕೇಳುವವರು, ಅಷ್ಟೇ.

ಇದು ಒಂದೇ ದಿನಕ್ಕೆ ಬದಲಾಗಲಿಲ್ಲ. 1912ರಲ್ಲಿ ತೆಲುಗು ನಾಡಿನ ದೋರ್ನಕಲ್‌ಗೆ ವಿ.ಎಸ್. ಅಜರಾಯ ಅವರು ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯರು ಅವರೇ. 1930ರಲ್ಲಿ ಇಲ್ಲಿನ ಆಂಗ್ಲಿಕನ್ ಸಭೆ ಇಂಗ್ಲೆಂಡಿನ ಸಭೆಯ ಆಡಳಿತದಿಂದ ಬೇರೆಯಾಯಿತು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಒಂದೂವರೆ ತಿಂಗಳೊಳಗೆ, ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಇತರ ಸಭೆಗಳು ಕೂಡಿದವು. ಹೀಗೆ ದಕ್ಷಿಣ ಭಾರತ ಸಭೆ ಹುಟ್ಟಿತು. ಇದನ್ನೇ ಸಿ.ಎಸ್.ಐ. ಅಂತಾರೆ.

ಸಣ್ಣ ಊರಿನ ಕಷ್ಟ

ದೊಡ್ಡ ಸಭೆ ಸ್ವತಂತ್ರವಾಯಿತು. ಸಣ್ಣ ಊರಿನ ಸಭೆಯ ಗತಿ ಏನು?

ಅಲ್ಲಿ ಕೆಲವೇ ಮನೆಗಳು ಇರುತ್ತವೆ. ಎಷ್ಟೋ ಕಡೆ ಸ್ವಂತ ಸಭಾಪಾಲಕರು ಇರುವುದಿಲ್ಲ. ಸಭಾಪಾಲಕರು ಎಂದರೆ ಸಭೆಯನ್ನು ನೋಡಿಕೊಳ್ಳುವ ಗುರುಗಳು. ಅವರು ದೊಡ್ಡ ಊರಿನ ತಾಯಿ ಸಭೆಯಿಂದ ಬರಬೇಕು. ಉಳಿದ ಭಾನುವಾರ ಊರಿನವರೇ ಪ್ರಾರ್ಥನೆ ನಡೆಸುತ್ತಾರೆ. ಮದುವೆಗೆ ದಿನ ಗೊತ್ತು ಮಾಡಬೇಕಾದರೆ ಗುರುಗಳ ಬಿಡುವು ಕೇಳಬೇಕು. ಸಾವಾದರಂತೂ ಹೇಳತೀರದು. ಹೆಣ ಅಂಗಳದಲ್ಲಿ, ಗುರುಗಳು ಬಸ್ಸಿನಲ್ಲಿ!

ಅದಕ್ಕೇ ಜನ ಕೇಳುತ್ತಾರೆ: “ನಮ್ಮ ಸಭೆ ನಮಗೇ ಬೇರೆ ಆಗಲಿ.”

ಹಕ್ಕು ಮತ್ತು ಹೊಣೆ

ಸಭೆ ಬೇರೆಯಾದರೆ ಸ್ವಂತ ಸಭಾಪಾಲಕರು ಬರುತ್ತಾರೆ. ಸ್ವಂತ ಕಮಿಟಿ, ಸ್ವಂತ ದಫ್ತರ ಇರುತ್ತವೆ. ಆದರೆ ಇದು ಪುಕ್ಕಟೆ ಅಲ್ಲ. ಗುರುಗಳ ಸಂಬಳಕ್ಕೆ ಹಣ ಹೊಂದಿಸಬೇಕು. ಹೆಂಚು ಒಡೆದರೆ ಹೊದಿಸಬೇಕು. ಡಯಾಸಿಸ್‌ಗೆ ವರ್ಷ ವರ್ಷ ಪಾಲು ಕಟ್ಟಬೇಕು. ಡಯಾಸಿಸ್ ಎಂದರೆ ಸಭೆಗಳ ಜಿಲ್ಲೆ ಇದ್ದ ಹಾಗೆ. ಈ ಹಣ ಭಾನುವಾರದ ಕಾಣಿಕೆಯಿಂದ ಬರಬೇಕು. ಸುಗ್ಗಿ ಹಬ್ಬಕ್ಕೆ ಜನ ರಾಗಿ, ಕುಂಬಳಕಾಯಿ, ಕೋಳಿ ತರುತ್ತಾರೆ. ಅವನ್ನು ಹರಾಜು ಹಾಕುತ್ತಾರೆ. ಆ ದುಡ್ಡೂ ಸಭೆಗೇ.

ಬೇರೆಯಾದರೂ ನಂಟು ಕಡಿಯುವುದಿಲ್ಲ. ಸಭಾಪಾಲಕರನ್ನು ಕಳಿಸುವವರು ಬಿಷಪ್ಪರೇ. ಸಿ.ಎಸ್.ಐ. ಆಸ್ತಿಯನ್ನು ನೋಡಿಕೊಳ್ಳಲು ಅದರದೇ ಟ್ರಸ್ಟ್ ಅಸೋಸಿಯೇಷನ್ ಇದೆ. ಸ್ವತಂತ್ರ ಎಂದರೆ ತಾನೊಬ್ಬನೇ ಎಂದಲ್ಲ.

ಲೆಕ್ಕ ಓದುವವರು ಯಾರು?

ಮದುವೆಯಾದ ಮೇಲೆ ರಿಜಿಸ್ಟರಿನಲ್ಲಿ ಗಂಡು, ಹೆಣ್ಣು ಮತ್ತು ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. 1872ರ ಕ್ರೈಸ್ತ ಮದುವೆ ಕಾಯಿದೆಯಲ್ಲೇ ಇದಿದೆ. ಓದು ಬಾರದವರು ಹೆಬ್ಬೆಟ್ಟು ಒತ್ತಬಹುದು. ಆದರೆ ಮೇಲೆ ಏನು ಬರೆದಿದೆ? ಹೆಬ್ಬೆಟ್ಟಿಗೆ ಕಣ್ಣಿಲ್ಲ.

ಸಭೆಯ ಹಣದ ಲೆಕ್ಕವೂ ಹಾಗೆಯೇ. ಮೊದಲು ಲೆಕ್ಕ ತಾಯಿ ಸಭೆಯಲ್ಲಿತ್ತು. ಈಗ ನಮ್ಮ ಕೈಗೇ ಬಂತು. ವರ್ಷದ ಕೂಟದಲ್ಲಿ ಅದನ್ನು ನಾವು ಓದಲಿಲ್ಲ ಅನ್ನಿ. ಆಗ ಏನಾಗುತ್ತದೆ? ಓದಬಲ್ಲ ಇಬ್ಬರು ಮೂವರು ಹೇಳಿದ್ದೇ ಲೆಕ್ಕ! ಅಂದು ಕಂಪನಿಯ ಮಾತು ನಡೆಯಿತು, ಇಂದು ಆ ಇಬ್ಬರ ಮಾತು ನಡೆಯುತ್ತದೆ. ಹಾಗಾದರೆ ಸ್ವತಂತ್ರರಾದವರು ಯಾರು?

ಇದು ಚರ್ಚಿಗೆ ಮಾತ್ರ ಹೇಳಿದ ಮಾತಲ್ಲ. ಗುಡಿ, ಮಸೀದಿ, ಹಾಲಿನ ಸಂಘ, ಮಹಿಳಾ ಸಂಘ, ಎಲ್ಲಕ್ಕೂ ಒಂದೇ. ನಮ್ಮದು ಎಂದು ಹೇಳಬೇಕಾದರೆ ಅದರ ಲೆಕ್ಕ ನಾವು ಓದಬೇಕು. ಅಕ್ಷರ ಕಲಿತಿದ್ದೇವೆ. ಇನ್ನು ಪುಸ್ತಕ ಕೇಳೋಣ, ಓದೋಣ, ಆಮೇಲೆ ಸಹಿ ಹಾಕೋಣ.

ಮಾತಾಡೋಣ

1. ಸಣ್ಣ ಊರಿನ ಸಭೆ ಬೇರೆಯಾಗಲು ಯಾಕೆ ಬಯಸುತ್ತದೆ?
2. ಬೇರೆಯಾದ ಮೇಲೆ ಬರುವ ಹೊಣೆಗಳು ಯಾವುವು?
3. ನಿಮ್ಮ ಊರಿನ ಸಂಘದ ಲೆಕ್ಕವನ್ನು ನೀವು ಓದಿದ್ದೀರಾ?