ಮಗುವಿನ ಗೀಳು, ತಾಯಿಯ ಉತ್ತರ

ಕಳೆದ ಸಂಚಿಕೆಯಲ್ಲಿ ಮಕ್ಕಳ ಅಗ್ನಿಮಾಂದ್ಯವನ್ನು ಕುರಿತು ನಾವು ಬರೆದ ಲೇಖನವನ್ನು ಓದಿದ ತಾಯಿಯೊಬ್ಬರು ಶ್ರೀಮಠದ ಕಾರ್ಯಾಲಯದ ಮೂಲಕ ಪತ್ರವೊಂದನ್ನು ಕಳುಹಿಸಿದ್ದಾರೆ. ಅದರಲ್ಲಿ ಹೊಟ್ಟೆಯ ಮಾತೇ ಇಲ್ಲ. ಹತ್ತು ವರ್ಷದ ಮಗಳು ದಿನಕ್ಕೆ ಮೂವತ್ತು ನಲವತ್ತು ಸಲ ಕೈ ತೊಳೆಯುತ್ತಾಳೆ. ಬೆರಳ ಸಂದಿಗಳು ಒಡೆದು ರಕ್ತ ಜಿನುಗುತ್ತಿದೆ. ತೊಳೆದ ಮೇಲೂ ಬಂದು 'ಸ್ವಚ್ಛ ಆಗ್ಯಾವೇನವ್ವಾ?' ಎಂದು ಕೇಳುತ್ತಾಳೆ. 'ಆಗ್ಯಾವ' ಎಂದು ಹೇಳುವ ತನಕ ಊಟಕ್ಕೆ ಕೂಡುವುದಿಲ್ಲ. ಪತ್ರದ ಕೊನೆಯಲ್ಲಿ ಆ ತಾಯಿ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ: ನಮ್ಮ ಪ್ರೀತಿಯಲ್ಲಿ ಏನು ಕೊರತೆಯಾಯಿತು?

ಕೊರತೆಯೇನೂ ಆಗಿಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ. ಇದು ಗೀಳು ಮನೋಬೇನೆ. ಆಸ್ಪತ್ರೆಗಳಲ್ಲಿ ಇದನ್ನು ಒ.ಸಿ.ಡಿ. ಎನ್ನುತ್ತಾರೆ. ನೂರು ಮಕ್ಕಳಲ್ಲಿ ಒಬ್ಬರಿಂದ ಮೂವರಿಗೆ ಇದು ಕಾಣಿಸಿಕೊಳ್ಳುತ್ತದೆ. ವಂಶಪಾರಂಪರ್ಯದ ಪಾಲು ಇದರಲ್ಲಿ ದೊಡ್ಡದು. ಬೇಡವೆಂದರೂ ಮನಸ್ಸಿಗೆ ನುಗ್ಗುವ ಆಲೋಚನೆ ಗೀಳು. ಅದರಿಂದ ಹುಟ್ಟುವ ದಿಗಿಲನ್ನು ತಗ್ಗಿಸಲು ಮಾಡಲೇಬೇಕೆನ್ನಿಸುವುದು ಕಡ್ಡಾಯ ಕ್ರಿಯೆ. ಕೈ ತೊಳೆಯುವುದೊಂದೇ ಅಲ್ಲ, ಅಗುಳಿಯನ್ನು ಹತ್ತು ಸಲ ಪರೀಕ್ಷಿಸುವುದು, ಎಣಿಸುವುದು, ಬರೆದುದನ್ನು ಅಳಿಸಿ ಪುನಃ ಬರೆಯುವುದು ಇವೆಲ್ಲವೂ ಇದರಲ್ಲಿ ಸೇರುತ್ತವೆ. ಪೂಜೆಯಲ್ಲಿ ಏನೋ ತಪ್ಪಾಯಿತೆಂದು ಮತ್ತೆ ಮತ್ತೆ ಮೊದಲಿನಿಂದ ಆರಂಭಿಸುವ ಮಕ್ಕಳೂ ಇದ್ದಾರೆ. ಇದನ್ನು ಭಕ್ತಿಯೆಂದು ಭಾವಿಸಿ ಹಿರಿಯರು ಮೆಚ್ಚಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಪೂಜೆ ಮುಗಿಸಿ ಎದ್ದ ಮಗುವಿನ ಮುಖವನ್ನು ನೋಡಿರಿ. ಅಲ್ಲಿ ನೆಮ್ಮದಿಯ ಬದಲು ದಣಿವು, ಗಾಬರಿ ಕಂಡರೆ ಅದು ಮೆಚ್ಚುವ ಸಂಗತಿಯಲ್ಲ.

ಈ ವಿಷಯದಲ್ಲಿ ನಾವೂ ತಪ್ಪು ಮಾಡಿದವರೇ. ವೃತ್ತಿಯ ಆರಂಭದ ವರ್ಷಗಳಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಬ್ರಾಹ್ಮೀಘೃತವನ್ನು ಕೊಟ್ಟೆವು. ಜೊತೆಗೆ, 'ಮಗು ಹೆದರಿದೆ, ಕೇಳಿದಷ್ಟು ಸಲವೂ ಸಮಾಧಾನ ಹೇಳಿರಿ' ಎಂದು ತಾಯಿಗೆ ಉಪದೇಶಿಸಿದೆವು. ಆಕೆ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಆರು ತಿಂಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಪ್ರಶ್ನೆ ಅರವತ್ತಕ್ಕೇರಿತು. ಆತ ಕೈ ತೊಳೆಯುವಾಗ ತಾಯಿ ಬಚ್ಚಲಿನ ಬಾಗಿಲಲ್ಲಿ ನಿಂತು ಎಣಿಸಬೇಕಾಯಿತು. ಹೊಲದಿಂದ ಬಂದ ಅಜ್ಜ ಅಂಗಿ ಬದಲಿಸದೆ ಒಳಗೆ ಬರುವಂತಿರಲಿಲ್ಲ. ತಂಗಿ ಅವನ ತಟ್ಟೆಯನ್ನು ಮುಟ್ಟುವಂತಿರಲಿಲ್ಲ. ಕೊನೆಗೆ ಅವನನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಕಳುಹಿಸಿದೆವು. ಅಷ್ಟರಲ್ಲಿ ಅವನ ಒಂದು ಶಾಲಾ ವರ್ಷ ಕಳೆದುಹೋಗಿತ್ತು. ಹುಡುಗ ಸುಧಾರಿಸಿದ. ಆದರೆ ಆ ವರ್ಷವನ್ನು ನೆನೆದಾಗ ಇಂದಿಗೂ ನಮಗೆ ಸಂಕೋಚವಾಗುತ್ತದೆ.

ಸಮಾಧಾನದ ಮಾತು ರೋಗವನ್ನು ಬೆಳೆಸಿದ್ದು ಹೇಗೆ? ಇದನ್ನು ತಿಳಿಯಲು ತಾಯಿ ಮಕ್ಕಳ ಬಾಂಧವ್ಯವನ್ನು ಅರಿಯಬೇಕು. ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬಾಂಧವ್ಯವನ್ನು ವಿಸ್ತಾರವಾಗಿ ವಿವೇಚಿಸಿದರು. ಅಪಾಯ ಕಂಡೊಡನೆ ಎಳೆಯ ಜೀವಿ ತನ್ನನ್ನು ಕಾಯುವವರ ಬಳಿಗೆ ಓಡುತ್ತದೆ, ಅಲ್ಲಿ ದಿಗಿಲು ಇಳಿದ ಮೇಲೆ ಪುನಃ ಹೊರಗೆ ಹೋಗುತ್ತದೆ. ಅವರ ಸಹವರ್ತಿ ಮೇರಿ ಐನ್ಸ್‌ವರ್ತ್ 1950ರ ದಶಕದಲ್ಲಿ ಉಗಾಂಡಾದ ಹಳ್ಳಿಗಳಲ್ಲಿ ತಾಯಿ ಮಕ್ಕಳನ್ನು ಹತ್ತಿರದಿಂದ ಗಮನಿಸಿ, ಮಗು ತಾಯಿಯನ್ನು ನೆಲೆಯಾಗಿಸಿಕೊಂಡು ಜಗತ್ತನ್ನು ಅರಸಲು ಹೊರಡುವ ಬಗೆಯನ್ನು ದಾಖಲಿಸಿದರು. ಗೀಳು ಹಿಡಿದ ಮಗುವೂ ಹಾಗೆಯೇ ತಾಯಿಯ ಬಳಿಗೆ ಓಡಿಬರುತ್ತದೆ. ಆದರೆ ಅದು ಹೆದರಿರುವ ಅಪಾಯ ಹೊರಗಿಲ್ಲ. 'ಆಗ್ಯಾವ' ಎಂದೊಡನೆ ದಿಗಿಲು ಕ್ಷಣಕಾಲ ಇಳಿಯುತ್ತದೆ. ತಾನು ಪಾರಾದದ್ದು ಆ ಉತ್ತರದಿಂದಲೇ ಎಂದು ಮನಸ್ಸು ಕಲಿಯುತ್ತದೆ, ಮರುಗಳಿಗೆಗೆ ಮತ್ತೆ ಅದನ್ನೇ ಬೇಡುತ್ತದೆ.

ಹಾಗೆಂದು ತಾಯಿ ದೂರ ಸರಿಯಬೇಕೆಂದು ಅರ್ಥವಲ್ಲ. ಮಗುವಿನ ಬಳಿ ಇರಬೇಕು, ಗೀಳಿಗೆ ಊಳಿಗ ಮಾಡಬಾರದು. ಬಾಂಧವ್ಯದ ಆಧಾರದ ಮೇಲೆ ನಿಂತ ಚಿಕಿತ್ಸೆಯ ತಿರುಳು ಇದು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿ ಲೆಬೊವಿಟ್ಜ್ ಎಂಬ ಮನಶ್ಶಾಸ್ತ್ರಜ್ಞರು ಮಗುವನ್ನು ಕರೆಯದೆ ತಂದೆ ತಾಯಿಯರಿಗೆ ಮಾತ್ರ ತರಬೇತಿ ಕೊಡುವ ಕ್ರಮವೊಂದನ್ನು ರೂಪಿಸಿದ್ದಾರೆ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆತಂಕದ ಬೇನೆಯಿದ್ದ 124 ಮಕ್ಕಳನ್ನು ಎರಡು ಗುಂಪಾಗಿ ವಿಂಗಡಿಸಲಾಗಿತ್ತು. ಒಂದು ಗುಂಪಿನಲ್ಲಿ ಮಕ್ಕಳಿಗೇ ಚಿಕಿತ್ಸೆ, ಇನ್ನೊಂದರಲ್ಲಿ ತಂದೆ ತಾಯಿಯರಿಗೆ ಮಾತ್ರ. ಹನ್ನೆರಡು ವಾರಗಳ ನಂತರ ಎರಡನೆಯ ಗುಂಪಿನ ಫಲವೇನೂ ಕಡಿಮೆಯಾಗಿರಲಿಲ್ಲ. ಆ ಮಕ್ಕಳದು ಆತಂಕವೇ ಹೊರತು ಗೀಳಲ್ಲ ಎಂಬುದನ್ನು ನೆನಪಿಡಬೇಕು. ಗೀಳಿಗೆ ಮುಖ್ಯ ಚಿಕಿತ್ಸೆ ಬೇರೆಯಿದೆ. ಹೆದರಿಕೆಯ ವಸ್ತುವನ್ನು ಮೆಲ್ಲಮೆಲ್ಲನೆ ಎದುರಿಸುತ್ತ ಕಡ್ಡಾಯ ಕ್ರಿಯೆಯನ್ನು ತಡೆಹಿಡಿಯುವ ಅಭ್ಯಾಸ ಅದು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಇದನ್ನು ಮೊದಲು ವರದಿ ಮಾಡಿದರು. 2004ರಲ್ಲಿ ಅಮೆರಿಕದಲ್ಲಿ 112 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಇಂಥ ಅಭ್ಯಾಸವುಳ್ಳ ಮನೋಚಿಕಿತ್ಸೆಯನ್ನು ಸರ್ಟ್ರಲೀನ್ ಮಾತ್ರೆಯೊಡನೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಬೇನೆ ಬಹುಮಟ್ಟಿಗೆ ಇಳಿಯಿತು. ಮನೆಯವರ ತರಬೇತಿ ಇದಕ್ಕೆ ಹೆಗಲು ಕೊಡುವಂಥದು.

ಬಾಂಧವ್ಯ ಚಿಕಿತ್ಸೆ ಎಂಬ ಹೆಸರಿನಲ್ಲಿಯೇ ಮಗುವನ್ನು ಬಲವಂತವಾಗಿ ಅದುಮಿ ಹಿಡಿಯುವ ಕ್ರೂರ ಪದ್ಧತಿಗಳೂ ಹುಟ್ಟಿದ್ದವು. 2000ದಲ್ಲಿ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 'ಮರುಹುಟ್ಟು' ಎಂಬ ಅಂಥದೊಂದು ಪ್ರಯೋಗದಲ್ಲಿ ಹತ್ತು ವರ್ಷದ ಬಾಲಕಿ ಉಸಿರುಗಟ್ಟಿ ಸತ್ತಳು. ಹೆಸರನ್ನು ನೋಡಿ ಮರುಳಾಗಬಾರದು. ಬಲಾತ್ಕಾರವಿರುವಲ್ಲಿ ಚಿಕಿತ್ಸೆಯಿಲ್ಲ.

ಮನೆಯಲ್ಲಿ ಮಾಡತಕ್ಕದ್ದು ಏನು? ಮಗುವಿನ ಗೀಳಿಗಾಗಿ ಮನೆಯವರು ಏನೇನು ಮಾಡುತ್ತಿದ್ದಾರೆ ಎಂಬುದನ್ನು ಒಂದು ವಾರ ಬರೆದಿಡಿರಿ. ಪಟ್ಟಿ ನಿಮ್ಮನ್ನೇ ಬೆರಗುಗೊಳಿಸುತ್ತದೆ. ಅದರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿರಿ. ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿದರೆ ಮಗು ತತ್ತರಿಸುತ್ತದೆ. ಮಗು ಶಾಂತವಾಗಿರುವ ಹೊತ್ತಿನಲ್ಲಿ ಮುಂಚಿತವಾಗಿ ತಿಳಿಸಿರಿ. ಪ್ರಶ್ನೆ ಬಂದಾಗ ಆಡಬೇಕಾದ ಮಾತು ಇಷ್ಟು: 'ನಿನಗ ಅಂಜಿಕಿ ಆಗೇತಿ, ನನಗ ಗೊತ್ತೈತಿ. ಆದ್ರ ಅದನ್ನ ತಡಕೊಳ್ಳು ಶಕ್ತಿ ನಿನ್ನಾಗ ಐತಿ. ನಾ ಇಲ್ಲೇ ಕುಂತಿರ್ತೀನಿ.' ಇದರಲ್ಲಿ ಮೊದಲ ಮಾತನ್ನು ಬಿಟ್ಟರೆ ಗದರಿಕೆಯಾಗುತ್ತದೆ, ಎರಡನೆಯದನ್ನು ಬಿಟ್ಟರೆ ಹಳೆಯ ಮುದ್ದಾಗುತ್ತದೆ. ಆರಂಭದ ದಿನಗಳಲ್ಲಿ ಮಗು ಅಳುತ್ತದೆ, ಸಿಟ್ಟಾಗುತ್ತದೆ, ಪ್ರಶ್ನೆಗಳು ಹೆಚ್ಚುತ್ತವೆ. ತಾಯಂದಿರು ಸೋಲುವುದು ಇಲ್ಲಿಯೇ. ಕೂಡುಕುಟುಂಬದಲ್ಲಿ ಇನ್ನೊಂದು ತೊಡಕುಂಟು: ತಾಯಿ ಉತ್ತರಿಸದಿದ್ದರೆ ಅಡುಗೆಮನೆಯಿಂದ ಅಜ್ಜಿ 'ಆಗ್ಯಾವ ಬಾ ಕೂಸೇ' ಎಂದು ಕೂಗಿಬಿಡುತ್ತಾರೆ! ಆದುದರಿಂದ ಅಜ್ಜಿಯನ್ನೂ ತಂದೆಯನ್ನೂ ಮೊದಲೇ ಕೂಡಿಸಿಕೊಂಡು ಮಾತನಾಡಬೇಕು.

ನಮ್ಮ ಶಾಸ್ತ್ರಕ್ಕೆ ಇದು ಪರಕೀಯವಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯವು ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಅವುಗಳಲ್ಲಿ ಸತ್ವಾವಜಯವೆಂಬುದು ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದೆಗೆಯುವ ಚಿಕಿತ್ಸೆ. ಶಾರೀರಸ್ಥಾನದ 8ನೆಯ ಅಧ್ಯಾಯದಲ್ಲಿ, ಮಗು ಅತ್ತರೂ ಉಣ್ಣದಿದ್ದರೂ ರಾಕ್ಷಸ ಪಿಶಾಚಿಗಳ ಹೆಸರೆತ್ತಿ ಅದನ್ನು ಹೆದರಿಸಬಾರದೆಂದು ಸ್ಪಷ್ಟವಾಗಿ ವಿಧಿಸಿದೆ. 'ಕೈ ತೊಳೆಯದಿದ್ದರೆ ಹುಳ ಹೊಟ್ಟೆಗೆ ಹೋಗಿ ಸಾಯುತ್ತೀ' ಎನ್ನುವ ಹಿರಿಯರು ಇದನ್ನು ಗಮನಿಸಬೇಕು. ಆದರೆ ಘೃತ ಲೇಹ್ಯಗಳಿಂದಲೇ ಗೀಳು ಹೋಗುತ್ತದೆಂದು ನಾವು ಹೇಳಲಾರೆವು. ಮನೋವೈದ್ಯರು ಮಾತ್ರೆ ಕೊಟ್ಟಿದ್ದರೆ ಅವರನ್ನು ಕೇಳದೆ ನಿಲ್ಲಿಸಬಾರದು. ಗಂಟಲು ಬೇನೆಯ ಬೆನ್ನಲ್ಲೇ ಗೀಳು ಹಠಾತ್ತನೆ ಕಾಣಿಸಿಕೊಂಡರೆ, ಮಗು ಅನ್ನ ಬಿಟ್ಟರೆ, ಸಾಯುವ ಮಾತನಾಡಿದರೆ ಆ ದಿನವೇ ಆಸ್ಪತ್ರೆಗೆ ಒಯ್ಯಬೇಕು.

ಪತ್ರ ಬರೆದ ತಾಯಿಗೆ ನಮ್ಮ ಸೂಚನೆ ಇಷ್ಟು. ಈ ವಾರವೇ ಮಗಳನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿರಿ. ನಮಗೆ ಬರೆದ ಸಂಗತಿಗಳನ್ನೇ ಅವರಿಗೂ ಬರೆದು ಕೊಡಿರಿ. ಹೋಗುವುದು ತಡವಾದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಒಡೆದ ಬೆರಳುಗಳಿಗೆ ರಾತ್ರಿ ಮಲಗುವಾಗ ಒಂದೇ ಸಲ ಶತಧೌತ ಘೃತವನ್ನು ಸವರಿರಿ. ಅದು ನೂರು ಸಲ ನೀರಿನಲ್ಲಿ ತೊಳೆದ ತುಪ್ಪವೆಂಬುದನ್ನು ಮಾತ್ರ ಸದ್ಯಕ್ಕೆ ಮಗಳಿಗೆ ಹೇಳಬೇಡಿರಿ.