ಥಿನ್ ಕ್ಲೈಂಟುಗಳಿಗೆ ಒಂದೇ ಪ್ರಿಂಟರು

ಪ್ರಶ್ನೆ: ಧರ್ಮಪುರಿಯ ನಮ್ಮ ತರಬೇತಿ ಕೇಂದ್ರದ ಥಿನ್ ಕ್ಲೈಂಟುಗಳಲ್ಲಿ ಪ್ರಿಂಟರು ಸೇರಿಸಿದರೂ ಮರುದಿನ ಕಾಣುವುದಿಲ್ಲ. ಏನು ಮಾಡಲಿ?

ಉತ್ತರ: ಥಿನ್ ಕ್ಲೈಂಟು ಪ್ರತಿ ಸಲ ಆರಂಭಗೊಂಡಾಗಲೂ ಪೂರ್ವಸ್ಥಿತಿಗೇ ಮರಳುವಂತೆ ಸಾಮಾನ್ಯವಾಗಿ ರಚಿತವಾಗಿರುವುದರಿಂದ, ಅದರಲ್ಲಿ ಪ್ರಿಂಟರನ್ನು ಸೇರಿಸುವ ವ್ಯರ್ಥ ಶ್ರಮವನ್ನು ಬಿಟ್ಟು, ಕೆಲಸಗಳು ವಸ್ತುತಃ ನಡೆಯುವ ಸರ್ವರಿನಲ್ಲಿಯೇ ಡ್ರೈವರನ್ನೂ ಮುದ್ರಣಕ್ಕೆ ಬೇಕಾದ ಕನ್ನಡ, ತಮಿಳು ಫಾಂಟುಗಳನ್ನೂ ಸ್ಥಾಪಿಸತಕ್ಕದ್ದು. ನೆಟ್‌ವರ್ಕ್ ಪ್ರಿಂಟರಾದರೆ ರೂಟರಿನಲ್ಲಿ ಅದಕ್ಕೊಂದು ಸ್ಥಿರವಾದ ಐಪಿ ವಿಳಾಸವನ್ನು ಕಾದಿರಿಸಿ, ಆ ವಿಳಾಸದ 9100ನೆಯ ಪೋರ್ಟಿಗೆ ಸರ್ವರನ್ನು ಜೋಡಿಸಿರಿ. ಸರ್ವರು ಲಿನಕ್ಸಿನದಾದಲ್ಲಿ, ಅದರ 631ನೆಯ ಪೋರ್ಟಿನಲ್ಲಿ ಬ್ರೌಸರಿನಿಂದ ತೆರೆಯುವ ಕಪ್ಸ್ (CUPS) ಎಂಬ ಮುದ್ರಣ ವ್ಯವಸ್ಥೆಯ ಪುಟದಿಂದಲೇ ಈ ಜೋಡಣೆ ಸಾಧ್ಯ. ಯುಎಸ್‌ಬಿ ಪ್ರಿಂಟರನ್ನು ಸರ್ವರಿಗೇ ಜೋಡಿಸುವುದು ಲೇಸು. ಸರ್ವರಿನ ಆಡಳಿತಾಧಿಕಾರ ನಿಮ್ಮಲ್ಲಿಲ್ಲದಿದ್ದರೆ, ಸರ್ವರನ್ನು ಅಳವಡಿಸಿದವರನ್ನೇ ಕರೆಸಿಕೊಳ್ಳಿರಿ.