ಗಂಗಾಬಲ್‌ನಲ್ಲಿ ಒಂದು ರಾತ್ರಿ ತಂಗುವ ಮುನ್ನ

ರಜೆಗೆ ಕಾಶ್ಮೀರಕ್ಕೆ ಹೋಗುವ ನಮ್ಮ ಕುಟುಂಬಗಳು ಈಗ ದಾಲ್ ಸರೋವರ, ಗುಲ್ಮಾರ್ಗ್ ನೋಡಿ ತೃಪ್ತಿಪಡುವುದಿಲ್ಲ. ಹರ್ಮುಖ್ ಪರ್ವತದ ಬುಡದಲ್ಲಿರುವ ಗಂಗಾಬಲ್ ಸರೋವರದವರೆಗೆ ನಡೆದು, ಮಕ್ಕಳೊಂದಿಗೆ ಒಂದು ರಾತ್ರಿ ಡೇರೆಯಲ್ಲಿ ಕಳೆಯುವ ಆಸೆ ಹಲವರಿಗಿದೆ. ಆಸೆ ಒಳ್ಳೆಯದೇ, ಅವಸರ ಮಾತ್ರ ಅಪಾಯ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಸ್ವಲ್ಪ ಹೆಚ್ಚು ಎತ್ತರದಲ್ಲಿದೆ. ನಡಿಗೆ ಆರಂಭವಾಗುವ ನಾರಾನಾಗ್ ಸುಮಾರು 2,200 ಮೀಟರ್, ಸರೋವರ 3,500 ಮೀಟರ್ ಆಸುಪಾಸು. ಮೊನ್ನೆ ವಿಮಾನದಲ್ಲಿ ಇಳಿದವರು ಇಂದು ಅಲ್ಲಿ ಮಲಗಿದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗದು. ಸೋನಾಮಾರ್ಗ್‌ನಲ್ಲಿ ಎರಡು ರಾತ್ರಿ ಉಳಿದು ಆಮೇಲೆ ಹೊರಡಿ. ಸರೋವರದ ದಡಕ್ಕಿಂತ ಕೆಳಗಿರುವ ಟ್ರುಂಖೋಲ್ ಹುಲ್ಲುಗಾವಲಿನಲ್ಲಿ ಡೇರೆ ಹಾಕಿ, ಬೆಳಿಗ್ಗೆ ಸರೋವರ ನೋಡಿ ಇಳಿದುಬಿಡಿ. ಫೋಟೋ ಹೇಗೂ ಹಗಲಲ್ಲೇ ಚೆನ್ನಾಗಿ ಬರುತ್ತದೆ!

‘ಹಕೀಮ್ ಸಾಬ್, ಯಾವ ಮಾಜೂನ್ ಒಯ್ಯಲಿ?’ ಎಂದು ಕೇಳುವವರಿದ್ದಾರೆ. ಶೀತಕ್ಕೆ ಜೋಶಾಂದಾ, ಹೊಟ್ಟೆ ತೊಳಸಿದರೆ ಶುಂಠಿ ಕಷಾಯ ಇರಲಿ. ಆದರೆ ಎತ್ತರದ ಕಾಯಿಲೆಗೆ ನಮ್ಮ ಪೆಟ್ಟಿಗೆಯಲ್ಲಿ ಮದ್ದಿಲ್ಲ, ಇದೆಯೆಂದು ನಂಬಿ ಮೇಲೆ ಹತ್ತಬೇಡಿ. ಅಲೋಪಥಿಯಲ್ಲಿ ಅಸೆಟಜೋಲಮೈಡ್ ಎಂಬ ಮಾತ್ರೆಯಿದೆ. ಅದು ಯಾರಿಗೆ ಸರಿ ಎಂಬುದನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿ. ಹೃದ್ರೋಗಿಗಳು, ಶ್ವಾಸಕೋಶದ ಕಾಯಿಲೆಯವರು, ಗರ್ಭಿಣಿಯರು ನಾರಾನಾಗ್‌ನಲ್ಲೇ ಉಳಿಯುವುದು ಕ್ಷೇಮ.

ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು, ತಲೆಸುತ್ತು ಇವು ಮೊದಲ ಲಕ್ಷಣಗಳು. ಮೇಲೆ ತಲುಪಿದ ಕೂಡಲೇ ಅಲ್ಲ, ಹೆಚ್ಚಾಗಿ ಕೆಲವು ಗಂಟೆಗಳ ನಂತರ, ರಾತ್ರಿಯ ಹೊತ್ತಿಗೆ ಕಾಣಿಸುತ್ತವೆ. ಪುಟ್ಟ ಮಕ್ಕಳು ತಲೆನೋವೆಂದು ಹೇಳಲಾರರು. ಆಟ ಬಿಟ್ಟು, ಊಟ ಬಿಟ್ಟು, ಸುಮ್ಮನೆ ರಗಳೆ ಮಾಡುತ್ತಾರೆ. ದಣಿವಿರಬೇಕು ಎಂದು ಮಲಗಿಸಿಬಿಡಬೇಡಿ, ಆಗಾಗ ಎಬ್ಬಿಸಿ ನೋಡಿ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ತೂರಾಡುವ ನಡಿಗೆ, ಅಸಂಬದ್ಧ ಮಾತು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಟಾರ್ಚ್ ಹಿಡಿದು, ಹೊತ್ತುಕೊಂಡಾದರೂ ಕೆಳಗಿಳಿಸಬೇಕು. ಅದಕ್ಕಾಗಿಯೇ ದಾರಿ ಬಲ್ಲ ಸ್ಥಳೀಯನೊಬ್ಬ, ಒಂದು ಕುದುರೆ ರಾತ್ರಿಯೂ ಜೊತೆಯಲ್ಲಿರಲಿ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ವಿಷಯ. ಶೌಚಕ್ಕೆ ಮರೆಯಿಲ್ಲವೆಂದು ನಮ್ಮ ಹೆಣ್ಣುಮಕ್ಕಳು ದಾರಿಯುದ್ದಕ್ಕೂ ನೀರು ಕುಡಿಯುವುದಿಲ್ಲ. ಒಣಹವೆ, ಏರುದಾರಿ, ಏದುಸಿರು ಸೇರಿ ದೇಹ ಬೇಗ ಬತ್ತುತ್ತದೆ. ತಲೆನೋವು ಬರುತ್ತದೆ, ಮೂತ್ರದ ಉರಿಯೂ ಶುರುವಾಗಬಹುದು. ಶೌಚಕ್ಕೆಂದು ಸಣ್ಣ ಡೇರೆಯೊಂದನ್ನು ಒಯ್ಯಿರಿ. ತೂಕ ಹೆಚ್ಚೆಂದು ಗಂಡಸರು ಗೊಣಗಿದರೆ ಅದನ್ನು ಅವರ ಚೀಲಕ್ಕೇ ಹಾಕಿ. ನೀರಿನಿಂದ ಕನಿಷ್ಠ 60 ಮೀಟರ್ ದೂರದಲ್ಲಿ ಒಂದು ಗೇಣು ಆಳದ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಿ. ಇಸ್ತಿಂಜಾಕ್ಕೆ, ವುಝೂಗೆ ನೀರನ್ನು ಪಾತ್ರೆಯಲ್ಲಿ ದೂರ ಕೊಂಡೊಯ್ಯಿರಿ. ಸೋಪು ಸರೋವರಕ್ಕೆ ಬೀಳದಿರಲಿ.

ಆ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಮೇಲ್ಗಡೆ ಕುರಿಮಂದೆಗಳು ಮೇಯುತ್ತಿರುತ್ತವೆ. ಅಲ್ಲಿ ನೀರು 90 ಡಿಗ್ರಿಗಿಂತ ಮೊದಲೇ ಕುದಿಯುತ್ತದೆ, ಹಾಗಾಗಿ ಮೂರು ನಿಮಿಷ ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಅದೇ ಕಾರಣಕ್ಕೆ ಕುಕ್ಕರ್ ಇಲ್ಲದೆ ಬೇಳೆ ಬೇಯದು. ಖರ್ಜೂರ, ಅವಲಕ್ಕಿ, ಚಿಕ್ಕಿ ಸಾಕು.

ರಾತ್ರಿಯ ಚಳಿಗೆ ಕೆಂಡದ ಕಾಂಗ್ಡಿಯನ್ನಾಗಲಿ ಉರಿಯುವ ಸ್ಟೌವನ್ನಾಗಲಿ ಮುಚ್ಚಿದ ಡೇರೆಯೊಳಗೆ ಇಡಲೇಬೇಡಿ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಬಿಸಿನೀರು ತುಂಬಿದ ಬಾಟಲಿಗೆ ಕಾಲ್ಚೀಲ ಸುತ್ತಿ ಮಕ್ಕಳ ಪಾದದ ಬಳಿ ಇಡಿ.